ಒಂದು ಮನೆಗೆ ಎರಡು ಒಲೆ

ನಮ್ಮ ಮನೆಯ ಊದುಗೊಳವೆ ಕಬ್ಬಿಣದ್ದು. ಮೊಳದುದ್ದ ಇತ್ತು, ಹೆಬ್ಬೆರಳು ದಪ್ಪ. ಅದರಲ್ಲಿ ಒಲೆ ಊದುತ್ತಿದ್ದವಳು ಅವ್ವ, ಹೊಡೆಯುತ್ತಿದ್ದವಳು ಅಜ್ಜಿ. ಮುದ್ದೆ ಗಂಟಾದರೆ ಮೊಣಕೈ ಮೇಲೆ, ಸಾರು ಉಪ್ಪಾದರೆ ಬೆನ್ನ ಮೇಲೆ, ಎದುರು ಮಾತಾಡಿದರೆ ಸಿಕ್ಕಿದ ಕಡೆ. ಎದುರು ಮಾತಾಡುತ್ತಿದ್ದವಳು ನಾನೊಬ್ಬಳೇ. ನನ್ನ ಎಡಗೈ ಮಣಿಕಟ್ಟಿನ ಮೇಲೆ ಇವತ್ತಿಗೂ ಒಂದು ಗಂಟಿದೆ, ಚಳಿಗಾಲದಲ್ಲಿ ನೋಯುತ್ತದೆ.

ಹೊಡೆತ ನಮ್ಮ ಮನೆಯಲ್ಲಿ ಸುದ್ದಿಯೇ ಆಗಿರಲಿಲ್ಲ. ಅಪ್ಪ ತನ್ನ ತಮ್ಮನಿಗೆ, ಅಂದರೆ ನನ್ನ ಚಿಕ್ಕಪ್ಪನಿಗೆ ಹೊಡೆಯುತ್ತಿದ್ದ. ಚಿಕ್ಕಪ್ಪ ಚಿಕ್ಕಮ್ಮನಿಗೆ ಹೊಡೆಯುತ್ತಿದ್ದ. ಚಿಕ್ಕಮ್ಮ ಆ ಸಿಟ್ಟನ್ನು ಎಮ್ಮೆಯ ಮೇಲೆ ತೀರಿಸಿಕೊಳ್ಳುತ್ತಿದ್ದಳು, ಎಮ್ಮೆ ಹಾಲು ಕರೆಯಲು ಕೂತವರನ್ನು ಒದೆಯುತ್ತಿತ್ತು. ಹಾಲು ಕರೆಯಲು ಕೂರುತ್ತಿದ್ದವಳೂ ಅವ್ವನೇ. ಅವಳು ಯಾರಿಗೂ ಹೊಡೆದವಳಲ್ಲ. ಕೆಮ್ಮುತ್ತಿದ್ದಳು, ಅಷ್ಟೇ.

ಬಸ್ಸಿನ ಬೋರ್ಡಿನ ಮೇಲೆ ಬನಶಂಕರಿ ಎರಡನೇ ಹಂತ ಅಂತ ಬರೆಯತೊಡಗಿದ್ದ ಕಾಲ ಅದು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ರಾಗಿ ಹೊಲವೆಲ್ಲ ಬಡಾವಣೆಗೆ ಹೋಗಿ, ಹಳೆಯ ಊರಿನ ನಾಕಾರು ಹೆಂಚಿನ ಮನೆಗಳು ಮಾತ್ರ ಹೊಸ ಮನೆಗಳ ನಡುವೆ ಉಳಿದುಕೊಂಡಿದ್ದವು. ಅದರಲ್ಲಿ ನಮ್ಮದೊಂದು. ಅಪ್ಪ ಎತ್ತಿನ ಗಾಡಿಯಲ್ಲಿ ಸೈಟುಗಳಿಗೆ ಇಟ್ಟಿಗೆ ಮರಳು ಹೊಡೆಯುತ್ತಿದ್ದ. ತನ್ನ ಹೊಲದ ಮೇಲೆ ಬೇರೆಯವರ ಮನೆ ಏಳಲು ತಾನೇ ಇಟ್ಟಿಗೆ ಹೊರುತ್ತಿದ್ದ ಮನುಷ್ಯನಿಗೆ ಸಿಟ್ಟು ಬಾರದೆ ಇನ್ನೇನು ಬರುತ್ತೆ? ಚಿಕ್ಕಪ್ಪ ಆಟೋ ಓಡಿಸುತ್ತಿದ್ದ. ಅವನಿಗೆ ಆಟೋ ಸಿಟ್ಟು ಬೇರೆ.

ಹೊಲ ಹೋದ ಮೇಲೆ ಅಜ್ಜಿಗೆ ಉಳಿದಿದ್ದು ಒಂದೇ ಜಂಬ. ಅಕ್ಕಪಕ್ಕದ ಅಣ್ಣತಮ್ಮಂದಿರೆಲ್ಲ ಪಾಲಾಗಿ ಹೋಗಿದ್ದರು, ನಮ್ಮ ಮನೆಯಲ್ಲಿ ಮಾತ್ರ ಇನ್ನೂ ಒಂದೇ ಒಲೆ. ನಮ್ಮವರಲ್ಲಿ ಪಾಲಾಗುವುದು ಅಂದರೆ ಒಲೆ ಬೇರೆಯಾಗುವುದು. ಹಿರೀಕರು ಬಂದು ಕೂರುತ್ತಾರೆ, ಹಳೇ ಒಲೆಯಿಂದ ಕೆಂಡ ತೆಗೆದುಕೊಂಡು ಹೋಗಿ ಹೊಸ ಒಲೆಗೆ ಹಾಕುತ್ತಾರೆ, ಅದರ ಮೇಲೆ ಹಾಲುಕ್ಕಿಸುತ್ತಾರೆ. ಹಾಲು ಉಕ್ಕಿತು ಅಂದರೆ ಮುಗಿಯಿತು, ಮನೆ ಎರಡಾಯಿತು. ಕಾಗದ ಪತ್ರ ಆಮೇಲೆ ಎಷ್ಟು ವರ್ಷಕ್ಕಾದರೂ ಆಗಲಿ. ಹಾಗೆಯೇ, ಉರಿಯುವ ಒಲೆಯನ್ನು ಯಾರೂ ಒಡೆಯಬಾರದು. ಒಲೆ ಒಡೆದರೆ ಮನೆ ಹಾಳು ಅಂತ ಅಜ್ಜಿ ದಿನಕ್ಕೊಂದು ಸಲ ಹೇಳುತ್ತಿದ್ದಳು, ನಮಗೆ ಬಾಯಿಪಾಠವಾಗಿತ್ತು.

ಆ ಒಲೆ ಅಜ್ಜಿಯ ಅತ್ತೆ ಹಾಕಿದ್ದಂತೆ. ಮಣ್ಣಿನ ದೊಡ್ಡ ಒಲೆ, ಪಕ್ಕದಲ್ಲಿ ಸಾರು ಬಿಸಿ ಇಡಲು ಒಂದು ಕೋಡೊಲೆ. ಮೊದಲು ಅದಕ್ಕೆ ಹೊಲದ ಒಣ ಪುಳ್ಳೆ, ಹರಳು ಕಡ್ಡಿ ಹಾಕುತ್ತಿದ್ದರು, ಹೊಗೆ ಕಿಟಕಿಯಿಂದ ಹೋಗುತ್ತಿತ್ತು. ಹೊಲ ಹೋದ ಮೇಲೆ ಸೌದೆ ಮಂಡಿಯ ಹಸಿ ನೀಲಗಿರಿಯೇ ಗತಿಯಾಯಿತು. ಅದರ ಮೇಲೆ, ನಮ್ಮ ಹಿಂದಿನ ಸೈಟಿನಲ್ಲಿ ಎರಡಂತಸ್ತಿನ ಮನೆ ಎದ್ದು ಅಡುಗೆಮನೆಯ ಕಿಟಕಿಗೇ ಗೋಡೆ ಅಡ್ಡ ಬಂತು. ಹೊಗೆ ಹೋಗಲು ಅವ್ವನ ಮೂಗು ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಆ ಮನೆಯ ಆಂಟಿ ಒಂದು ದಿನ ಟೆರೇಸಿನಿಂದ ಬಗ್ಗಿ, "ನಿಮ್ಮ ಹೊಗೆಯಿಂದ ನಮ್ಮ ಒಗೆದ ಬಟ್ಟೆಯೆಲ್ಲ ವಾಸನೆ ಕಣ್ರೀ" ಅಂದರು. ಅಜ್ಜಿ ಅಂಗಳದಲ್ಲಿ ನಿಂತು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಕೆಮ್ಮು ಜೋರಾದಾಗ ಅವ್ವನನ್ನು ಜಯನಗರದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು, ಅಪ್ಪ ಮತ್ತು ನಾನು. ಎಸ್ಸೆಸ್ಸೆಲ್ಸಿ ಮುಗಿಸಿ ಟೈಲರಿಂಗ್ ಕ್ಲಾಸಿಗೆ ಹೋಗುತ್ತಿದ್ದ ಕಾಲ ನನ್ನದು, ಮನೆಯಲ್ಲಿ ಓದಿದವಳು ಅಂದರೆ ನಾನೇ. ಡಾಕ್ಟರು ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದು, "ಇವರು ಬೀಡಿ ಸೇದ್ತಾರಾ?" ಅಂತ ಕೇಳಿದರು.

ಅಪ್ಪ ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಡಾಕ್ಟರ ಕಾಲರು ಅಪ್ಪನ ಕೈಯಲ್ಲಿತ್ತು. "ನನ್ ಹೆಂಡ್ತಿನ ಏನ್ ಅಂತ ತಿಳ್ಕಂಡಿದೀಯಾ? ಯಾವೋನ್ಲಾ ನೀನು?" ನಾನು, ಕಾಂಪೌಂಡರು, ಹೊರಗೆ ಕಾಯುತ್ತಿದ್ದ ಒಬ್ಬರು ಸೇರಿ ಬಿಡಿಸಿದೆವು. ಪಾಪ, ಆ ಡಾಕ್ಟರು ಒಳ್ಳೆಯವರು. ಕಾಲರು ಸರಿಮಾಡಿಕೊಂಡು ಕೂತರು.

"ಕೂತ್ಕೊಳ್ಳಿ ಯಜಮಾನರೇ. ಮನೇಲಿ ಸೌದೆ ಒಲೆನಾ?"

"ಹೌದು. ಎಲ್ಲರ ಮನೇಲೂ ಅದೇ."

"ಎಲ್ಲರ ಶ್ವಾಸಕೋಶ ನಾನು ನೋಡಿಲ್ಲ. ಇವರದ್ದು ನೋಡಿದೀನಿ. ಔಷಧಿ ಕೊಡ್ತೀನಿ, ಆದರೆ ಹೊಗೆ ನಿಲ್ಲದೆ ಔಷಧಿ ನಾಟಲ್ಲ. ಇನ್ನು ಕೆಲವು ವರ್ಷ ಹೀಗೇ ಹೊಗೆ ಕುಡಿದ್ರೆ ಇವರು ಉಳಿಯಲ್ಲಮ್ಮ," ಅಂತ ಕೊನೆಯ ಮಾತನ್ನು ನನ್ನ ಕಡೆ ತಿರುಗಿ ಹೇಳಿದರು. "ಒಲೆ ಬದಲಾಯಿಸಿ."

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನನಗೆ ಮಾತ್ರ ಕೇಳುವಂತೆ, "ಒಲೆ ಬದಲಾಯಿಸ್ಬೇಕಂತೆ. ಗಂಡನ್ನ ಬದಲಾಯಿಸು ಅಂದಿದ್ರೆ ಸಲೀಸಿತ್ತು" ಅಂದಳು. ನಗಲು ಹೋಗಿ ಕೆಮ್ಮು ಹತ್ತಿತು. ಮನೆ ಬರುವ ತನಕ ಬಿಡಲಿಲ್ಲ. ಅಪ್ಪ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ.

ಗ್ಯಾಸಿಗೆ ಬರೆಸಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಕಾದು ಸಿಕ್ಕಿದರೂ ಅಜ್ಜಿ ಬಿಡುತ್ತಿರಲಿಲ್ಲ, "ಮನೆಯೊಳಗೆ ಬಾಂಬ್ ಮಡಿಕ್ಕಂಡು ಯಾರು ಉಣ್ತಾರೆ?" ಅನ್ನುತ್ತಿದ್ದಳು. ಸೀಮೆಎಣ್ಣೆ ಸ್ಟೋವಿನ ಮೇಲೆ ಅಷ್ಟು ಜನರ ಮುದ್ದೆ ತೊಳಸಲು ಹೋದರೆ ಸ್ಟೋವೇ ಮಗುಚಿ ಬೀಳುತ್ತಿತ್ತು. ಅಂಥ ಹೊತ್ತಿಗೆ ನಮ್ಮ ಟೈಲರಿಂಗ್ ಕ್ಲಾಸು ನಡೆಯುತ್ತಿದ್ದ ಮಹಿಳಾ ಸಮಾಜಕ್ಕೆ ಹೊಗೆ ಇಲ್ಲದ ಒಲೆ ಹಾಕುವುದನ್ನು ಕಲಿಸಲು ಸರ್ಕಾರದ ಕಡೆಯಿಂದ ಒಬ್ಬ ಮೇಡಂ ಬಂದರು. ಮಿಕ್ಕ ಹುಡುಗಿಯರು ಮೂಗು ಮುರಿದರು. ಕುಚ್ಚು ಕಟ್ಟುವುದು, ಬ್ಲೌಸು ಹೊಲಿಯುವುದು ಬಿಟ್ಟು ಮಣ್ಣು ತುಳಿಯಲು ಯಾರು ಬರುತ್ತಾರೆ? ನಾನು ಹೋದೆ.

ಸುಲಭವಾಗಿಯೇ ಇತ್ತು. ಜೇಡಿಮಣ್ಣು, ಸಗಣಿ, ಹೊಟ್ಟು ಸೇರಿಸಿ ಚೆನ್ನಾಗಿ ತುಳಿದು ಮೆಟ್ಟಿಲಿನ ಹಾಗೆ ಒಂದು ಕಟ್ಟೆ ಮಾಡಬೇಕು. ಮೇಲೆ ಪಾತ್ರೆ ಇಡಲು ಸಾಲಾಗಿ ಮೂರು ಕಣ್ಣು, ಕೆಳಗೆ ಮೂರಕ್ಕೂ ಸೇರಿ ಒಂದೇ ಬಿಲ. ಮುಂದಿನ ಬಾಯಿಗೆ ಅಡ್ಡ ಸರಳು ಹಾಕಿ ಅದರ ಮೇಲೆ ಸೌದೆ, ಕೆಳಗಿನಿಂದ ಗಾಳಿ. ಹೊಗೆ ಬಿಲದಲ್ಲಿ ಸಾಗಿ ಹಿಂದಿನ ಕೊಳವೆಯಿಂದ ಹೆಂಚಿನ ಮೇಲಕ್ಕೆ ಹೋಗುತ್ತದೆ. ಮೊದಲನೆಯ ಕಣ್ಣಿನ ಉರಿಯಲ್ಲೇ ಮೂರನೆಯ ಕಣ್ಣಿನ ನೀರು ಕಾಯುವುದರಿಂದ ಸೌದೆ ಮೊದಲಿನ ಅರ್ಧದಷ್ಟು ಸಾಕು, ಮರಾನೂ ಉಳಿಯುತ್ತೆ, ನೀವೂ ಉಳೀತೀರಿ ಅಂತ ಆ ಮೇಡಂ ಹೇಳಿದರು. ಮರದ ಚಿಂತೆ ನನಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಎರಡನೆಯ ಮಾತಿಗೆ ನಾನು ಅಲ್ಲಿ ಮಣ್ಣು ತುಳಿದದ್ದು.

ಮನೆಯಲ್ಲಿ ಅಜ್ಜಿಯನ್ನು ಒಪ್ಪಿಸಲು ಒಂದು ಊದುಗೊಳವೆ ಏಟು ತಿಂದೆ. ಹಳೇ ಒಲೆ ಒಡೆದು ಅದರ ಜಾಗದಲ್ಲಿ ಹಾಕೋಣ ಅಂದದ್ದಕ್ಕೆ ಅದು ಬಿತ್ತು. ಕೊನೆಗೆ ಅಜ್ಜಿಯೇ ದಾರಿ ತೋರಿಸಿದಳು. "ನಿನ್ ಸರ್ಕಾರಿ ಒಲೆ ಬೇಕಾದ್ರೆ ಆ ಮೂಲೇಲಿ ಹಾಕ್ಕಂಡು ಸಾಯಿ. ನೀರು ಕಾಯಿಸ್ಕಳಕ್ಕಾಯ್ತದೆ. ನಮ್ ಒಲೆ ಮುಟ್ಟಿದ್ರೆ ಕೈ ಮುರೀತೀನಿ." ನೀರೊಲೆ ಎಲ್ಲರ ಬಚ್ಚಲಲ್ಲೂ ಇರುತ್ತದೆ, ಅದನ್ನು ಯಾರೂ ಒಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಿಕ್ಕಪ್ಪನೂ ನಕ್ಕು ಸುಮ್ಮನಾದ, "ಟೈಲರಮ್ಮ ಈಗ ಗಾರೆ ಕೆಲಸಕ್ಕೆ ಇಳಿದವ್ಳೆ" ಅಂತ. ಹೊಗೆ ಹೋಗುವ ಸಿಮೆಂಟು ಕೊಳವೆಯನ್ನು ತನ್ನ ಆಟೋದಲ್ಲೇ ಹಾಕಿಕೊಂಡು ಬಂದು ಕೊಟ್ಟ. ಹೆಂಚು ಸರಿಸಿ ಅದನ್ನು ನಿಲ್ಲಿಸಿಕೊಟ್ಟವನೂ ಅವನೇ. ಅದಕ್ಕೇ ಹೇಳುವುದು, ಮನುಷ್ಯ ಕೆಟ್ಟವನಲ್ಲ.

ಒಲೆ ಒಣಗಿದ ಮೇಲೆ ಬಂದ ಶುಕ್ರವಾರ ಅಜ್ಜಿ ಮಗಳ ಮನೆಗೆ ಅಂತ ಉತ್ತರಹಳ್ಳಿಗೆ ಹೋಗಿದ್ದಳು. ಅಪ್ಪ ಗಾಡಿ ಕಟ್ಟಿಕೊಂಡು ಹೋಗಿದ್ದ. ಅವ್ವ ಬೆಳಿಗ್ಗೆಯೇ ಸ್ನಾನ ಮಾಡಿ ಹೊಸ ಒಲೆ ಸಾರಿಸಿ, ಮುಂದೆ ರಂಗೋಲಿ ಎಳೆದು, ಅರಿಶಿನ ಕುಂಕುಮ ಇಟ್ಟಳು. ನಾನು ಸೌದೆ ಜೋಡಿಸಿ ಬೆಂಕಿಪೊಟ್ಟಣ ತೆಗೆದೆ. ಅವ್ವ ನನ್ನ ಕೈ ಹಿಡಿದಳು.

"ಕಡ್ಡಿ ಗೀರಬ್ಯಾಡ ಕಣವ್ವ. ಎಲ್ಲೀದೋ ಬೆಂಕಿ ಯಾಕೆ? ನಮ್ಮ ಮನೆ ಬೆಂಕಿನೇ ಇರಲಿ."

ಅಂದವಳೇ ಸೌಟಿನಲ್ಲಿ ಹಳೇ ಒಲೆಯ ಕೆಂಡ ತೆಗೆದು ತಂದು ಹೊಸ ಒಲೆಯ ಬಾಯಿಗೆ ಇಟ್ಟಳು. ಬುಗ್ಗೆಂದು ಹತ್ತಿಕೊಂಡಿತು, ಊದುವ ಕೆಲಸವೇ ಇಲ್ಲ. ಮೊದಲ ಕಣ್ಣಿನ ಮೇಲೆ ಹಾಲಿನ ಚೊಂಬು ಇಟ್ಟಳು. ಹೊಸದು ಏನೇ ಬಂದರೂ ಮೊದಲು ಸಿಹಿ ಆಗಬೇಕು ಅನ್ನುವುದು ಅವಳ ಅಭ್ಯಾಸ. ನಾವಿಬ್ಬರೂ ಅಂಗಳಕ್ಕೆ ಓಡಿ ತಲೆಯೆತ್ತಿ ನೋಡಿದೆವು. ಹೆಂಚಿನ ಮೇಲಿನ ಕೊಳವೆಯಿಂದ ತೆಳ್ಳಗೆ ಹೊಗೆ ಬರುತ್ತಿತ್ತು. ಅವ್ವ ಬಾಯಿ ತೆರೆದುಕೊಂಡು ಅದನ್ನೇ ನೋಡುತ್ತ ನಿಂತಳು. ಒಳಗೆ ಬಂದಾಗ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ಅವ್ವ ಕೈಮುಗಿದಳು.

ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದಳು. ಬಸುರಿ, ಐದು ತಿಂಗಳು.

"ಅಕ್ಕ, ಇದೇನ್ ಮಾಡ್ಬುಟ್ರಿ? ಕೆಂಡ ತಗಂಡು ಹಾಲುಕ್ಕಿಸಿಬುಟ್ರಾ?"

ಅವ್ವ ಮುಗಿದ ಕೈ ಇಳಿಸಿದಳು. ನಂಬಿ, ಬಿಡಿ, ಅವಳಿಗೆ ಆ ಗಳಿಗೆಯವರೆಗೂ ಹೊಳೆದಿರಲಿಲ್ಲ. ಭಕ್ತಿಯಿಂದ ಮಾಡಿದ್ದು ಒಂದೊಂದೂ ಪಾಲಾಗುವ ದಿನ ಮಾಡುವುದೇ ಆಗಿತ್ತು. ನನಗೆ ಹೊಳೆಯುವುದಂತೂ ದೂರ ಉಳಿಯಿತು, ನನಗೆ ಅಂಥದ್ದರಲ್ಲಿ ನಂಬಿಕೆಯೇ ಇರಲಿಲ್ಲ. "ಹೋಗ್ ಚಿಕ್ಕಮ್ಮ, ಹಾಲು ಉಕ್ಕಿದ್ರೆ ಒರೆಸ್ಕೊಂಡ್ರಾಯ್ತು" ಅಂದೆ. ಅವಳು ತಿರುಗಿ ಹೋದಳು. ಅವ್ವ ಮುದ್ದೆಗೆ ಎಸರಿಟ್ಟಳು. ಅವಳು ಕೆಮ್ಮದೆ ಅಡುಗೆ ಮಾಡಿದ್ದನ್ನು ನಾನು ನೋಡಿದ್ದು ಆವತ್ತೇ ಮೊದಲು.

ಊಟಕ್ಕೆ ಬಂದ ಚಿಕ್ಕಪ್ಪನಿಗೆ ಚಿಕ್ಕಮ್ಮ ಹೇಳಿದಳು. ಬೇರೆಯವರ ಬಾಯಿಂದ ಕೇಳಿದರೆ ತನ್ನನ್ನೇ ಕೊಲ್ಲುತ್ತಾನೆ ಅನ್ನುವ ಭಯ ಅವಳಿಗೆ. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಅನ್ನುತ್ತಾರಲ್ಲ, ಹೊಲ ಹೋದಾಗಿನಿಂದ ಚಿಕ್ಕಪ್ಪನ ಎದೆಯಲ್ಲಿ ಅದೇ ಕೂತಿತ್ತು. ಅಣ್ಣ ಒಂದು ದಿನ ತನ್ನನ್ನು ಹೊರಗೆ ಹಾಕುತ್ತಾನೆ ಅಂತ. ಅವನು ಅಡುಗೆಮನೆಗೆ ಬಂದಾಗ ಕೈಯಲ್ಲಿ ಹಾರೆ ಇತ್ತು.

"ಅತ್ತಿಗೆ, ನಾನ್ ಸತ್ತೋಗಿದ್ನಾ? ಹೇಳಿ ಮಾಡಿದ್ರೆ ನಾನೇನ್ ಬ್ಯಾಡ ಅಂತಿದ್ನಾ? ಕಳ್ರಂಗೆ ಹಾಲುಕ್ಕಿಸ್ಕಂಡ್ರಾ?"

"ಅಯ್ಯೋ ಶಿವನೇ, ಹಂಗಲ್ಲ ಕಣಪ್ಪ, ನನ್ನಾಣೆಗೂ..."

ಅವ್ವನ ಮಾತು ಮುಗಿಯಲಿಲ್ಲ. ಮುದ್ದೆಯ ಪಾತ್ರೆಗೆ ಒದ್ದ. ಕುದಿಯುವ ಹಿಟ್ಟು ಗೋಡೆಗೆ ಚಿಮ್ಮಿ ಅವ್ವನ ಪಾದದ ಮೇಲೂ ಬಿತ್ತು. ಹಾರೆ ಬೀಸಿದ. ತಾನೇ ತಂದು ನಿಲ್ಲಿಸಿದ್ದ ಕೊಳವೆ ಬಿರುಕು ಬಿಟ್ಟಿತು. ಇನ್ನೊಂದು ಏಟು ಒಲೆಯ ಬಾಯಿಗೆ ಬಿದ್ದು ಸರಳು ಮುರಿದು ಕಿತ್ತು ಬಂತು. ನನಗೆ ಮೈಯೆಲ್ಲ ಉರಿದುಹೋಯಿತು. ಹಾರಿ ಅವನ ಮುಂಗೈಗೆ ಹಲ್ಲು ಊರಿ ಕಚ್ಚಿದೆ, ರಕ್ತದ ರುಚಿ ಬಾಯಿಗೆ ಬರುವವರೆಗೂ ಬಿಡಲಿಲ್ಲ. ಅವನು ನನ್ನ ಜಡೆ ಹಿಡಿದು ಹಣೆಯನ್ನು ಗೋಡೆಗೆ ಬಡಿದ. ಚಿಕ್ಕಮ್ಮ ಬಾಗಿಲಲ್ಲಿ ನಿಂತು ಬಾಯಿ ಬಡಿದುಕೊಳ್ಳುತ್ತಿದ್ದಳು. ಟೆರೇಸಿನ ಮೇಲೆ ಆಂಟಿ, ಅವರ ಯಜಮಾನರು, ಅವರ ಮನೆಗೆ ಬಂದ ನೆಂಟರು ಎಲ್ಲ ಸಾಲಾಗಿ ನಿಂತು ನಮ್ಮ ಅಂಗಳಕ್ಕೆ ಬಗ್ಗಿ ನೋಡುತ್ತಿದ್ದರಂತೆ.

ಅದೇ ಹೊತ್ತಿಗೆ ಅಪ್ಪನ ಗಾಡಿ ಬಂತು. ಅಪ್ಪ ಯಾರನ್ನೂ ಏನೂ ಕೇಳಲಿಲ್ಲ. ನನ್ನ ಹಣೆ ನೋಡಿದ, ಹೆಂಡತಿಯ ಪಾದ ನೋಡಿದ, ಗೋಡೆಗೆ ಒರಗಿಸಿದ್ದ ನೀಲಗಿರಿ ಸೌದೆ ಎತ್ತಿಕೊಂಡ. ಮೊದಲ ಏಟು ತೋಳಿಗೆ, ಎರಡನೆಯದು ತಲೆಗೆ. ತಲೆಯ ಏಟಿನ ಸದ್ದು ತೆಂಗಿನಕಾಯಿ ಒಡೆದ ಹಾಗೆ ಕೇಳಿಸಿತು. ಚಿಕ್ಕಪ್ಪ ಹೊಸ್ತಿಲ ಮೇಲೆ ಕುಸಿದು ಕೂತ, ಮುಖದ ಮೇಲೆಲ್ಲ ರಕ್ತ. ಅಪ್ಪ ಮೂರನೆಯದಕ್ಕೆ ಎತ್ತಿದ್ದ. ಚಿಕ್ಕಮ್ಮ ಹೋಗಿ ಗಂಡನ ಮೇಲೆ ಬಿದ್ದಳು, ಹೊಟ್ಟೆಯಲ್ಲಿ ಮಗು ಇದೆ ಅನ್ನುವುದನ್ನೂ ಮರೆತು. ಅಪ್ಪನ ಕೈ ಅಲ್ಲೇ ನಿಂತಿತು. ಆಮೇಲೆ ತಮ್ಮನನ್ನು ತಾನೇ ಎತ್ತಿ, ತಮ್ಮನ ಆಟೋವನ್ನೇ ಬೇರೆ ಯಾರ ಕೈಯಲ್ಲೋ ಓಡಿಸಿಕೊಂಡು ಆಸ್ಪತ್ರೆಗೆ ಹೋದ. ದಾರಿಯುದ್ದಕ್ಕೂ ಅಳುತ್ತಿದ್ದನಂತೆ.

ಸಂಜೆ ಬಂದ ಅಜ್ಜಿ ಎಲ್ಲ ಕೇಳಿಸಿಕೊಂಡಳು. ಹಣೆ ಬಡಿದುಕೊಳ್ಳಲಿಲ್ಲ, ಕೂಗಾಡಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ ಊದುಗೊಳವೆ ತಂದು, ಸುಟ್ಟ ಪಾದಕ್ಕೆ ಹುಣಿಸೆ ರಸ ಹಚ್ಚಿಕೊಂಡು ಕೂತಿದ್ದ ಅವ್ವನ ಬೆನ್ನಿಗೆ ಹೊಡೆದಳು, ತನ್ನ ಕೈ ಸೋಲುವವರೆಗೂ ಹೊಡೆದಳು. ಅಡ್ಡ ಹೋದ ನನಗೂ ಬಿತ್ತು.

ಮಾರನೆಯ ದಿನ ಬೆಳಿಗ್ಗೆ ಹಿರೀಕರು ಬಂದು ಜಗಲಿಯ ಮೇಲೆ ಕೂತರು. ಚಿಕ್ಕಪ್ಪ ತಲೆಗೆ ಬ್ಯಾಂಡೇಜು ಸುತ್ತಿಕೊಂಡು, ತೋಳನ್ನು ಕೊರಳಿಗೆ ಕಟ್ಟಿಕೊಂಡು ಒಂದು ಮೂಲೆಯಲ್ಲಿ, ಅಪ್ಪ ಇನ್ನೊಂದು ಮೂಲೆಯಲ್ಲಿ. ಹೆಚ್ಚು ಮಾತೇನೂ ಆಗಲಿಲ್ಲ. ಹಿರಿಯರೊಬ್ಬರು ಎಲೆಯಡಿಕೆ ಉಗಿದು ಬಂದು ಹೇಳಿದರು. "ನೋಡ್ರಪ್ಪಾ, ಕೆಂಡ ತಗಂಡು ಹಾಲುಕ್ಕಿಸಿದ ಮೇಲೆ ಅದು ನೀರೊಲೆ ಅಂದ್ರೆ ಯಾರೂ ಒಪ್ಪಲ್ಲ. ಮನೇಲಿ ಎರಡು ಒಲೆ ಅವೆ. ಇವತ್ತೇ ಪಾಲು ಮಾಡ್ಕಳಿ, ಇಲ್ಲ ಒಂದು ಒಲೆ ಒಡೀರಿ. ಒಂದೇ ಒಲೆ ಇದ್ರೆ ಒಂದೇ ಮನೆ."

"ಆ ಹಾಳು ಒಲೆ ಒಡೆದಾಕಿ," ಅಂದಳು ಅಜ್ಜಿ.

ಅಪ್ಪ ಎದ್ದ. ಎದ್ದು ಹಾರೆ ತೆಗೆದುಕೊಂಡ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಅಪ್ಪಾ, ಡಾಕ್ಟ್ರು ಏನಂದ್ರು ಮರೆತ್ಯಾ? ಅವ್ವ ಸಾಯ್ತಾಳೆ ಅಪ್ಪ. ಆ ಹೊಗೇಲಿ ಸತ್ತೋಗ್ತಾಳೆ. ನೀನೂ ಕೇಳಿದೀಯ!"

"ತಮ್ಮನ್ ತಲೆ ಒಡ್ದಿದೀನಿ. ಇನ್ನ ಮನೆನೂ ಒಡೀಲಾ?" ಅಂದ. ನನ್ನ ಕಡೆ ನೋಡುತ್ತಿರಲಿಲ್ಲ. "ಸರಿ ಅತ್ಲಾಗೆ."

ಆ ಗಳಿಗೆ ನನಗೆ ಅವನ ಮೇಲೆ ಬಂದ ಸಿಟ್ಟು ಅವನು ಸತ್ತ ಮೇಲೂ ಪೂರ್ತಿ ಇಳಿದಿಲ್ಲ. ಡಾಕ್ಟರ ಕಾಲರು ಹಿಡಿಯಲು ಕೈ ಇತ್ತು, ತಮ್ಮನ ತಲೆ ಒಡೆಯಲು ಕೈ ಇತ್ತು. ಹೆಂಡತಿಯ ಉಸಿರಿನ ವಿಷಯ ಬಂದಾಗ ಅದೇ ಕೈ ಅವಳ ಒಲೆ ಒಡೆಯಲು ಎದ್ದಿತ್ತು. "ಹೊಡಿ, ನನ್ನನ್ನೂ ಹೊಡಿ, ಆಮೇಲೆ ಒಳಗೆ ಹೋಗು" ಅಂದೆ. ಹೊಡೆದ. ಕಪಾಳಕ್ಕೆ ಬಿತ್ತು, ಕಿವಿ ಗುಂಯ್ ಅಂದಿತು. ನಾನು ಸರಿಯಲಿಲ್ಲ.

ಆಗ ಒಳಗಿನಿಂದ ಅವ್ವ ಕುಂಟುತ್ತ ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಹಿರೀಕರ ಮುಂದೆ ಅವಳು ಅಷ್ಟು ದಿನ ತಲೆಯೆತ್ತಿ ನಿಂತವಳೇ ಅಲ್ಲ.

"ಮಗೀಗೆ ಯಾಕೆ ಹೊಡೀತೀರಿ? ಕೊಡಿ ಇಲ್ಲಿ ಹಾರೆ. ಅಡುಗೆ ಮಾಡೋಳು ನಾನು. ನಾನೇ ಒಡೀತೀನಿ."

ಅಪ್ಪ ಕೊಟ್ಟ. "ಭೇಷ್ ಕಣಮ್ಮ, ದೊಡ್ಡ ಸೊಸೆ ಅಂದ್ರೆ ಹಿಂಗಿರಬೇಕು" ಅಂದರು ಆ ಹಿರಿಯರು. ನನಗೆ ಅವಳನ್ನು ನೋಡಲಾಗಲಿಲ್ಲ. ಅವಳು ಹಾರೆ ಎಳೆದುಕೊಂಡು ಒಳಗೆ ಹೋದಳು. ಮೊದಲ ಏಟು ಬಿದ್ದ ಸದ್ದು ಕೇಳಿತು. ಅದು ಮೂಲೆಯಿಂದ ಬಂದ ಸದ್ದಲ್ಲ.

ನಾನು ಓಡಿಹೋಗಿ ನೋಡುವಷ್ಟರಲ್ಲಿ ಅಜ್ಜಿಯ ಅತ್ತೆ ಹಾಕಿದ್ದ ಒಲೆಯ ಕೋಡು ಕಿತ್ತು ಬಂದಿತ್ತು. ಅವ್ವ ಎರಡೂ ಕೈಯಲ್ಲಿ ಹಾರೆ ಎತ್ತಿ ಎತ್ತಿ ಹಾಕುತ್ತಿದ್ದಳು. ಮಸಿ, ಬೂದಿ, ಇನ್ನೂ ಆರದ ಕೆಂಡ ಕಾಲಿನ ಸುತ್ತ ಹಾರುತ್ತಿದ್ದವು. ಪ್ರತಿ ಏಟಿಗೂ ಒಂದು ಮಾತು. "ತಗೋ! ಇಪ್ಪತ್ತು ವರ್ಷ ಕುಡಿದೆ ನಿನ್ ಹೊಗೆ! ಸಾಕು! ನಾನೂ ಬದುಕ್ಬೇಕು!" ಅವಳ ಬಾಯಿಂದ ಅಂಥ ದನಿ ನಾನು ಕೇಳಿರಲಿಲ್ಲ.

ಅಜ್ಜಿ ಕಿರುಚಿಕೊಂಡು ಬಂದಳು. "ಮನೆಹಾಳಿ! ಒಲೆ ಒಡೆದ್ಲಲ್ಲಪ್ಪೋ, ಮುಂಡೇದು ಒಲೆ ಒಡೆದ್ಲು!" ಊದುಗೊಳವೆ ಬೀಸಿದಳು. ಹಣೆಯ ಪಕ್ಕಕ್ಕೆ ಬಿದ್ದು ಅವ್ವನ ಕಿವಿಯ ಮೇಲಿನಿಂದ ರಕ್ತ ಇಳಿಯಿತು. ಅವ್ವ ನಿಲ್ಲಿಸಲಿಲ್ಲ. ಅಜ್ಜಿ ಮತ್ತೆ ಎತ್ತಿದಾಗ ನಾನು ಊದುಗೊಳವೆ ಹಿಡಿದುಕೊಂಡೆ. ಮುದುಕಿಯ ಕೈಯಲ್ಲಿ ಎಂಥ ಬಲ! ಇಬ್ಬರೂ ಜಗ್ಗಾಡಿದೆವು. ಕಸಿದುಕೊಂಡು ಅದನ್ನೇ ಅವಳ ಮೇಲೆ ಎತ್ತಿದೆ ಕೂಡ. ಹೊಡೆಯಲಿಲ್ಲ. ಹೊಡೆಯಬೇಕು ಅಂತ ಮಾತ್ರ ಕೈ ಕುದಿಯುತ್ತಿತ್ತು.

ಅಷ್ಟರಲ್ಲಿ ಅವ್ವನಿಗೆ ಕೆಮ್ಮು ಹತ್ತಿತು. ಬೂದಿ ಎದ್ದಿತ್ತಲ್ಲ. ಹಾರೆ ಕೈಜಾರಿ ಬಿತ್ತು, ಅವಳು ಮಂಡಿಯೂರಿ ಕೂತು ಉಸಿರಿಗೆ ಬಾಯಿ ಬಾಯಿ ಬಿಟ್ಟಳು. ಒಲೆ ಅರ್ಧ ಬಿದ್ದಿತ್ತು, ಅರ್ಧ ಇನ್ನೂ ನಿಂತಿತ್ತು. "ಮಣ್ಣು ಮೆತ್ತಿದ್ರೆ ಸರಿಹೋಯ್ತದೆ, ಅವಳನ್ನ ಎಳ್ಕಳಿ ಇತ್ಲಾಗೆ" ಅಂತ ಬಾಗಿಲಿಗೆ ಬಂದ ಚಿಕ್ಕಪ್ಪ ಕೂಗಿದ.

ಅವನನ್ನು ತಳ್ಳಿಕೊಂಡು ಚಿಕ್ಕಮ್ಮ ಒಳಗೆ ಬಂದಳು. ಬಂದವಳು ಅವ್ವನ ತೋಳು ಹಿಡಿದು, "ಅಕ್ಕ, ಇತ್ಲಾಗೆ ಬನ್ನಿ. ನನಗ್ ಬಿಡಿ" ಅಂದು ಹಾರೆ ಎತ್ತಿಕೊಂಡಳು.

"ಏಯ್! ಏನೇ ಮಾಡ್ತೀಯ? ಬಿಡೇ ಅದ್ನ!" ಚಿಕ್ಕಪ್ಪ ಮುಂದೆ ಬಂದ.

ಅವಳು ತಿರುಗಿದಳು. ಹಾರೆಯ ಮೊನೆ ಅವನ ಎದೆಗೆ ನೇರವಾಗಿತ್ತು. "ಹತ್ರ ಬಂದ್ರೆ ಮಿಕ್ಕಿದ್ ತಲೆನೂ ಇರಲ್ಲ. ಅಕ್ಕ ಸತ್ತರೆ ನಾಳೆ ಈ ಒಲೆ ಮುಂದೆ ಕೂರೋಳು ಯಾರು? ನಿಮ್ಮವ್ವನಾ? ನಾನು! ಈ ಮಗೀನ ಸೊಂಟದ ಮೇಲೆ ಕೂರಿಸ್ಕಂಡು ನಾನು ಕೂತ್ಕಬೇಕು!"

ಅವನು ನಿಂತಲ್ಲೇ ನಿಂತ. ಅವಳು ಒಂದೊಂದೇ ಏಟಿಗೆ ಉಳಿದ ಅರ್ಧವನ್ನೂ ಉರುಳಿಸಿದಳು, ನೆಲಸಮವಾಗುವ ತನಕ. ಆಮೇಲೆ ಹಾರೆಯನ್ನು ಬಾಗಿಲಾಚೆ ಎಸೆದು, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ಏದುಸಿರು ಬಿಡುತ್ತ ನಿಂತಳು. ಅವಳ ಮುಖವೆಲ್ಲ ಮಸಿ.

ಅವ್ವ ಎದ್ದಳು. ಕಿವಿಯ ರಕ್ತ ಒರೆಸಿಕೊಳ್ಳಲಿಲ್ಲ. ಜಗಲಿಯ ಬಾಗಿಲಿಗೆ ಹೋಗಿ ಹಿರೀಕರಿಗೆ ಹೇಳಿದಳು. "ಒಂದೇ ಒಲೆ ಇದ್ರೆ ಒಂದೇ ಮನೆ ಅಂದ್ರಲ್ಲ ಸ್ವಾಮಿ. ಬಂದು ಎಣಿಸ್ಕಳಿ."

ಯಾರೂ ಒಳಗೆ ಬರಲಿಲ್ಲ. ಆ ಹಿರಿಯರು ಅಪ್ಪನ ಮುಖ ನೋಡಿದರು, ಅಜ್ಜಿಯ ಮುಖ ನೋಡಿದರು, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಒಂದೇ ಐತೆ ಬುಡಿ," ಅಂದರು. ಕಾಫಿಗೂ ನಿಲ್ಲದೆ ಹೋದರು. ಹೋಗುವಾಗ ಒಬ್ಬರ ಚಪ್ಪಲಿ ಒಬ್ಬರು ಮೆಟ್ಟಿಕೊಂಡು ಹೋದರು ಅಂತ ಆಮೇಲೆ ಗೊತ್ತಾಯಿತು.

ಅವ್ವ ಹಳೇ ಒಲೆಯ ಮಣ್ಣಿನ ರಾಶಿಯಲ್ಲಿ ಕೆದಕಿ ಇನ್ನೂ ಕೆಂಪಗಿದ್ದ ಕೆಂಡಗಳನ್ನು ಸೌಟಿಗೆ ತುಂಬಿಕೊಂಡಳು. ನಾನು ಮೂಲೆಯ ಒಲೆ ರಿಪೇರಿಗೆ ಕೂತೆ. ಕೊಳವೆಯ ಬಿರುಕಿಗೆ ಮಣ್ಣು ಮೆತ್ತಿದ ಬಟ್ಟೆ ಸುತ್ತಿದೆ. ಒಲೆಯ ಬಾಯಿಯ ಸರಳು ಚಿಕ್ಕಪ್ಪನ ಏಟಿಗೆ ಮುರಿದುಹೋಗಿತ್ತು. ಸೌದೆಗೆ ಆಸರೆ ಇಲ್ಲದೆ ಉರಿ ನಿಲ್ಲುವುದಿಲ್ಲ. ಬೇರೆ ಕಬ್ಬಿಣ ಹುಡುಕಲು ನಾನು ಎಲ್ಲಿಗೂ ಹೋಗಲಿಲ್ಲ. ಕೈಯಲ್ಲಿ ಊದುಗೊಳವೆ ಇತ್ತು. ಬಾಯಿಗೆ ಅಡ್ಡ ಇಟ್ಟು ನೋಡಿದೆ, ಅಳತೆ ಸರಿಹೋಯಿತು. ಎರಡೂ ತುದಿಗೆ ಹಸಿ ಮಣ್ಣು ಮೆತ್ತಿ ಗಟ್ಟಿಯಾಗಿ ಕೂರಿಸಿಬಿಟ್ಟೆ.

ಎರಡು ಹೊತ್ತು ಅಜ್ಜಿ ಉಣ್ಣಲಿಲ್ಲ. ಮೂರನೆಯ ಹೊತ್ತಿಗೆ ಹಸಿವು ತಡೆಯದೆ ಬಂದು ತಟ್ಟೆಯ ಮುಂದೆ ಕೂತಳು. ಅಪ್ಪ, ಚಿಕ್ಕಪ್ಪ ಆಗಲೇ ಅಕ್ಕಪಕ್ಕ ಕೂತು ಮುಖ ನೋಡದೆ ಉಣ್ಣುತ್ತಿದ್ದರು. ಚಿಕ್ಕಪ್ಪನಿಗೆ ಬಲಗೈ ಕಟ್ಟಿದ್ದರಿಂದ ಅಪ್ಪನೇ ಅವನ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗೆ ಇಡುತ್ತಿದ್ದ. ಅಜ್ಜಿ ಒಂದು ತುತ್ತು ನುಂಗಿದಳು.

"ಥೂ, ಉಪ್ಪು! ಎಲ್ಲೇ ಊದುಗೊಳವೆ?"

ಅಜ್ಜಿ ಎದ್ದು ಅದು ಇರುತ್ತಿದ್ದ ಜಾಗ ತಡಕಿದಳು. ಹಳೇ ಒಲೆಯೇ ಇಲ್ಲದ ಮೇಲೆ ಒಲೆಯ ಪಕ್ಕ ಎಲ್ಲಿಂದ ಬಂತು? ಆಮೇಲೆ ಮೂಲೆಯ ಕಡೆ ತಿರುಗಿ ನೋಡಿದಳು. ಒಲೆಯ ಬಾಯಲ್ಲಿ, ಉರಿಯುವ ಸೌದೆಯ ಅಡಿಯಲ್ಲಿ ಊದುಗೊಳವೆ ಕೆಂಪಗೆ ಕಾದಿತ್ತು.

ಅಜ್ಜಿ ನನ್ನ ಹತ್ತಿರ ಬಂದು ಬರೀ ಕೈಯಲ್ಲೇ ಬೆನ್ನಿಗೊಂದು ಗುದ್ದಿದಳು. ಅಷ್ಟೇನೂ ನೋಯಲಿಲ್ಲ. ಅವ್ವನಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗದೆ, ಕಿವಿಗೆ ಕಟ್ಟಿದ್ದ ಬಟ್ಟೆ ಅಲುಗುವ ಹಾಗೆ ನಕ್ಕಳು. ನಾವೆಲ್ಲ ಅಭ್ಯಾಸದಿಂದ ಕೆಮ್ಮಿಗೆ ಕಾದೆವು. ಚಿಕ್ಕಮ್ಮ ನೀರಿನ ಚೊಂಬನ್ನೂ ಎತ್ತಿ ಹಿಡಿದಿದ್ದಳು. ಅವ್ವ ನಗುತ್ತಲೇ ಇದ್ದಳು, ಕೆಮ್ಮು ಬರಲಿಲ್ಲ.